ಬೆಲ್ಟು ಕಟ್ಟಿದ್ದು ನೆನಪಿದೆ, ತಿರುಗಿ ನೋಡಿದ್ದು ಯಾವಾಗ?

ತೋಟದ ಖರ್ಚಿನ ಲೆಕ್ಕ ಬರೆಯುವಾಗ ಗೊಬ್ಬರ ಬರುತ್ತದೆ, ಮೈಲುತುತ್ತ ಬರುತ್ತದೆ, ಕೊನೆಗೌಡನಿಗೆ ಕೊಟ್ಟ ದುಡ್ಡು ಬರುತ್ತದೆ. ನಾಯಿ ಮಾತ್ರ ಯಾವ ಸಾಲಿನಲ್ಲೂ ಬರುವುದಿಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಅಡಿಕೆ ಬೆಳೆಗಾರರ ಮನೆಗೆ ಹೋದರೂ ದಣಪೆ ದಾಟುವ ಮೊದಲು ನಮ್ಮನ್ನು ವಿಚಾರಿಸಿಕೊಳ್ಳುವುದು ಅದೇ. ಬಾಳೆಗೊನೆಗೆ ಬಂದ ಮಂಗನ ಹಿಂಡನ್ನು ಅಟ್ಟುವುದೂ ಅದೇ, ಗದ್ದೆಗೆ ಹಂದಿ ಇಳಿಯಿತು ಅಂತ ನಡುರಾತ್ರಿ ಎಬ್ಬಿಸುವುದೂ ಅದೇ.

ಇಷ್ಟು ದುಡಿಯುವ ಜೀವದ ಕುತ್ತಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ಮನೆಯಲ್ಲಿ ಕೊನೆ ಇಳಿಸುವ ಹಗ್ಗದ ತುಂಡು, ಇನ್ನೊಂದರಲ್ಲಿ ದನದ ಹಳೆ ಕಣ್ಣಿ, ಮತ್ತೊಂದರಲ್ಲಿ ಬೇಲಿಗೆ ತಂದು ಉಳಿದ ತಂತಿ. ಕೆಲವು ಕಡೆ ಪೇಟೆಯಿಂದ ತಂದ ಚಂದದ ಬೆಲ್ಟೇ ಇರುತ್ತದೆ, ಆದರೆ ಅದು ಮರಿ ಇದ್ದಾಗ ಕಟ್ಟಿದ್ದು. ಕೇಳಿದರೆ, "ನಾಯಿಗೆ ಎಂತ ಅಳತೆ ಮಾರಾಯಾ, ತಪ್ಪಿಸ್ಕೊಂಡು ಹೋಗದಿದ್ರೆ ಸಾಕು" ಅನ್ನುತ್ತಾರೆ.

ನನ್ನ ವಾದ ಇಷ್ಟೇ. ಬೆಲ್ಟು ಒಮ್ಮೆ ಕಟ್ಟಿ ಮರೆಯುವ ಸಾಮಾನಲ್ಲ, ವಾರಕ್ಕೊಮ್ಮೆ ಬೆರಳು ಹಾಕಿ ನೋಡಬೇಕಾದದ್ದು. ಅಷ್ಟಕ್ಕೂ ಪುರುಸೊತ್ತಿಲ್ಲ ಅನ್ನುವವರು ನಾಯಿ ಕಟ್ಟಿಹಾಕಬಾರದು.

ಎರಡು ಬೆರಳಿನ ಲೆಕ್ಕ

ಬೆಲ್ಟು ಹಾಕಿದ ಮೇಲೆ ಬೆಲ್ಟಿಗೂ ಕುತ್ತಿಗೆಗೂ ನಡುವೆ ನಿಮ್ಮ ಎರಡು ಬೆರಳು ಅಡ್ಡಡ್ಡ, ಒತ್ತಡ ಇಲ್ಲದೆ ಹೋಗಬೇಕು. ಸಣ್ಣ ಮರಿಗೆ ಒಂದು ಬೆರಳು ಸಾಕು. ಬೆರಳು ತುರುಕಬೇಕಾದರೆ ಬಿಗಿಯಾಗಿದೆ. ಇಡೀ ಅಂಗೈ ಹೋದರೆ ಸಡಿಲ.

ಸಡಿಲ ಇದ್ದರೆ ನಾಯಿಗೆ ಆರಾಮ ಅಂತ ತಿಳಿಯಬೇಡಿ. ಮೈ ಕೆರೆದುಕೊಳ್ಳಲು ಹೋದಾಗ ಹಿಂಗಾಲು ಅದರೊಳಗೆ ಸಿಕ್ಕಿಕೊಳ್ಳಬಹುದು, ಬೆಲ್ಟು ಕಚ್ಚಲು ಹೋಗಿ ಕೆಳದವಡೆ ಸಿಕ್ಕಿಬೀಳಬಹುದು. ಶೀಗೆಮಟ್ಟಿಯಲ್ಲಿ ನುಗ್ಗುವಾಗ, ಬೇಲಿ ಹಾರುವಾಗ ಕೊಂಬೆಗೋ ತಂತಿಗೋ ಬೆಲ್ಟು ತೊಡರಿದರೆ ನಾಯಿ ಅಲ್ಲೇ ನೇತಾಡುತ್ತದೆ.

ಎರಡು ಬೆರಳು ಆದಮೇಲೆ ಇನ್ನೊಂದು ಪರೀಕ್ಷೆ ಇದೆ. ನಾಯಿಯ ಎದುರು ಕುಳಿತು ಬೆಲ್ಟನ್ನು ಮೆಲ್ಲಗೆ ಕಿವಿಯ ಕಡೆ ಎಳೆಯಿರಿ. ಕಿವಿ ದಾಟಿ ಬರಬಾರದು. ನಮ್ಮ ಊರನಾಯಿಗಳಲ್ಲಿ ಎಷ್ಟೋ ನಾಯಿಗೆ ತಲೆಯೂ ಕುತ್ತಿಗೆಯೂ ಹೆಚ್ಚುಕಮ್ಮಿ ಒಂದೇ ದಪ್ಪ ಇರುತ್ತದೆ. ಹಿಂದೆ ಸರಿದು ತಲೆ ಕೊಡವಿದರೆ ಬೆಲ್ಟು ಕಳಚಿಬರುತ್ತದೆ. ಅದಕ್ಕೆ ಸಿಟ್ಟಾಗಿ ಇನ್ನೆರಡು ತೂತು ಬಿಗಿಯುವುದೇ ನಾವು ಸಾಮಾನ್ಯವಾಗಿ ಮಾಡುವ ಕೆಲಸ. ಅದರ ಬದಲು ಎದೆಗೂ ಬೆನ್ನಿಗೂ ಸುತ್ತಿಬರುವ ಪಟ್ಟಿ ಸಿಗುತ್ತದೆ, ಅಂಗಡಿಯಲ್ಲಿ ಹಾರ್ನೆಸ್ ಅಂತ ಕೇಳಿ. ಪೇಟೆಗೆ, ಆಸ್ಪತ್ರೆಗೆ ಕರೆದೊಯ್ಯುವಾಗ ಅದು ವಾಸಿ.

ಮೊಬೈಲಿನಲ್ಲಿ ಆರ್ಡರ್ ಮಾಡುವವರಿಗೆ ಒಂದು ಮಾತು. ಮೀಡಿಯಂ, ಲಾರ್ಜ್ ಅನ್ನುವ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಒಂದು ಸುತಳಿ ತಗೊಂಡು ಬೆಲ್ಟು ಕೂರುವ ಜಾಗದಲ್ಲಿ ಕುತ್ತಿಗೆಗೆ ಸುತ್ತಿ, ಆ ಸುತಳಿಯನ್ನು ಅಳತೆಪಟ್ಟಿಯ ಮೇಲಿಟ್ಟು ನೋಡಿ. ಅದಕ್ಕೆ ಸುಮಾರು 5 ಸೆಂಟಿಮೀಟರ್ ಸೇರಿಸಿದರೆ ನಿಮ್ಮ ನಾಯಿಯ ಅಳತೆ ಬಂತು. ಆ ಸಂಖ್ಯೆ ಬೆಲ್ಟಿನ ನಡುತೂತಿಗೆ ಹೊಂದುವಂಥದ್ದನ್ನೇ ಆರಿಸಿ, ಆಮೇಲೆ ಎರಡೂ ಕಡೆ ಹೊಂದಿಸಿಕೊಳ್ಳಲು ಬರುತ್ತದೆ. ಮಧ್ಯಮ ಗಾತ್ರದ ನಾಯಿಗೆ ಒಂದು ಇಂಚು ಅಗಲದ ಪಟ್ಟಿ ಸಾಕು. ಬಳ್ಳಿಯಷ್ಟು ಸಪೂರದ್ದು ಚರ್ಮ ಕೊರೆಯುತ್ತದೆ.

ಮರಿ ಬೆಳೆಯುತ್ತದೆ, ಬೆಲ್ಟು ಬೆಳೆಯುವುದಿಲ್ಲ

ನಾನು ನೋಡಿದ ಅತಿ ಕೆಟ್ಟ ಗಾಯಗಳೆಲ್ಲ ಮರಿ ಇದ್ದಾಗ ಕಟ್ಟಿದ ಹಗ್ಗದಿಂದ ಆದವು. ಎರಡು ತಿಂಗಳ ಕುನ್ನಿಮರಿಗೆ ನೈಲಾನ್ ಹಗ್ಗ ಕಟ್ಟುತ್ತಾರೆ. ಅಷ್ಟರಲ್ಲಿ ಕೊನೆಕೊಯ್ಲು ಶುರುವಾಗುತ್ತದೆ, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಮನೆಯವರಿಗೆಲ್ಲ ಕೈತುಂಬ ಕೆಲಸ. ಮರಿ ಉಂಡು ಬೆಳೆಯುತ್ತದೆ. ಹಗ್ಗ ಮೊದಲು ಕೂದಲೊಳಗೆ ಮರೆಯಾಗುತ್ತದೆ, ಆಮೇಲೆ ಚರ್ಮದೊಳಗೆ. ವಾಸನೆ ಬಂದಾಗಲೇ ಮನೆಯವರಿಗೆ ಗೊತ್ತಾಗುವುದು. ಯಾರೂ ಬೇಕಂತ ಮಾಡಿದ್ದಲ್ಲ, ಯಾರೂ ನೋಡಲಿಲ್ಲ ಅಷ್ಟೆ.

ಹಾಗಾಗಿ ಮರಿ ಇರುವಷ್ಟು ದಿನ, ಸುಮಾರು ಒಂದು ವರ್ಷದವರೆಗೆ, ಮೂರು ನಾಲ್ಕು ದಿನಕ್ಕೊಮ್ಮೆ ಬೆರಳು ಹಾಕಿ ನೋಡಿ. ಮೊಬೈಲಿನಲ್ಲಿ ಹಾಲಿನ ಲೆಕ್ಕ ಇಡುತ್ತೀರಿ, ಬೋರ್ಡೋ ಹೊಡೆಯುವ ದಿನಕ್ಕೆ ಅಲಾರಾಂ ಇಡುತ್ತೀರಿ. ಇದಕ್ಕೂ ಒಂದು ಇಡಿ. ಮತ್ತು ಯಾವ ಕಾರಣಕ್ಕೂ ಜಾರುಗಂಟು ಬೇಡ. ಎಳೆದಷ್ಟೂ ಬಿಗಿಯಾಗುವ ಗಂಟಿಗೆ ನಮ್ಮಲ್ಲಿ ಉರುಳು ಅಂತಲೇ ಹೆಸರು. ಎಳೆದರೆ ಬಿಗಿಯುವ ಚೋಕ್ ಚೈನನ್ನೂ ಕಟ್ಟಿಹಾಕಲು ಬಳಸಬೇಡಿ.

ಒಳಗೆ ಹೂತುಹೋದ ಹಗ್ಗ ಕಂಡರೆ ಎಳೆದು ಕೀಳಬೇಡಿ. ಪಶು ಆಸ್ಪತ್ರೆಗೆ ಒಯ್ಯಿರಿ. ದೂರದ ಹಳ್ಳಿಯಾದರೆ ಸಂಚಾರಿ ಪಶು ಚಿಕಿತ್ಸೆಯ 1962 ಸಂಖ್ಯೆಗೆ ಕರೆ ಮಾಡಿ ಕೇಳಿ. ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್, ಮೈಲುತುತ್ತದ ನೀರು ಹಾಕುವ ರೂಢಿ ನಿಲ್ಲಬೇಕು. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ಮಳೆಗಾಲ ಮುಗಿಯಿತು, ಉಣುಗು ಬಂತು

ಬಯಲುಸೀಮೆಯ ನಾಯಿಗೆ ಹೇಳುವ ಬುದ್ಧಿ ನಮ್ಮ ನಾಯಿಗೆ ಸಾಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬೆಲ್ಟು ಹೇಗೆ ಒಣಗೀತು? ಚರ್ಮದ ಬೆಲ್ಟು ನೆನೆದು ಬೂಸ್ಟು ಹಿಡಿಯುತ್ತದೆ, ಒಣಗಿದಾಗ ಕೊರಡಿನ ಹಾಗೆ ಗಟ್ಟಿಯಾಗುತ್ತದೆ. ಅಡಿಯ ಚರ್ಮ ಒದ್ದೆಯಾಗಿಯೇ ಉಳಿದು ಕೂದಲು ಉದುರಿ ಹುಣ್ಣಾಗುತ್ತದೆ. ನೊಣ ಕೂತರೆ ಹುಳ ಬೀಳಲು ಹೆಚ್ಚು ದಿನ ಬೇಡ. ಮಳೆಗಾಲಕ್ಕೆ ಅಂಚು ಮೆತ್ತಗಿರುವ ನೈಲಾನ್ ಪಟ್ಟಿ ಒಳ್ಳೆಯದು, ಬೇಗ ಒಣಗುತ್ತದೆ. ಎರಡು ಇಟ್ಟುಕೊಂಡರೆ ಒಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗುವಾಗ ಇನ್ನೊಂದು ಹಾಕಬಹುದು. ಬೋರ್ಡೋ ಹೊಡೆಯುವ ದಿನ ನಾಯಿಯನ್ನು ತೋಟದಿಂದ ದೂರ ಇಡಿ. ಬೆಲ್ಟು ದ್ರಾವಣದಲ್ಲಿ ನೆನೆದಿದ್ದರೆ ಬಿಚ್ಚಿ ತೊಳೆಯಿರಿ.

ಮಳೆ ಹೋದ ಮೇಲೆ ಉಣುಗಿನ ಕಾಲ. ಸೊಪ್ಪಿನಬೆಟ್ಟ ಸುತ್ತಿ ಬಂದ ನಾಯಿಯ ಮೈಯಲ್ಲಿ ಉಣುಗು ಅಡಗಲು ಬೆಲ್ಟಿನ ಅಡಿಗಿಂತ ಒಳ್ಳೆಯ ಜಾಗ ಇಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಗುರುತಿಸಿದ್ದು ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದವರಿಗೆ ಆ ಕಾಯಿಲೆಯ ಭಯ ಹೊಸದಾಗಿ ಹೇಳಬೇಕಾಗಿಲ್ಲ. ನಾಯಿಯೇ ಕಾಯಿಲೆ ತರುತ್ತದೆ ಅಂತ ನಾನು ಹೇಳುತ್ತಿಲ್ಲ. ಕಾಡಿನ ಉಣುಗು ಜಗಲಿಗೆ ಬರುವ ದಾರಿಗಳಲ್ಲಿ ನಾಯಿಯ ಮೈಯೂ ಒಂದು. ಬೆಲ್ಟು ಬಿಚ್ಚಿ ನೋಡಿ, ಚಿಮಟದಲ್ಲಿ ಹಿಡಿದು ತೆಗೆಯಿರಿ, ಬರಿಗೈಯಲ್ಲಿ ಹಿಚುಕಬೇಡಿ.

ಎಲ್ಲಿ ಕಟ್ಟುತ್ತೀರಿ ಅನ್ನುವುದೂ ಮುಖ್ಯ

"ಅಜ್ಜನ ಕಾಲದಲ್ಲಿ ನಾಯಿಗೆ ಬೆಲ್ಟು ಇತ್ತಾ?" ಅಂತ ಹಿರಿಯರು ಕೇಳುತ್ತಾರೆ. ಸರಿ, ಇರಲಿಲ್ಲ. ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಇಷ್ಟು ಲಾರಿಯೂ ಇರಲಿಲ್ಲ, ಊರೊಳಗೆ ಇಷ್ಟು ಬೈಕೂ ಇರಲಿಲ್ಲ. ಇವತ್ತು ಹಗಲು ಕೆಲ ಹೊತ್ತಾದರೂ ಕಟ್ಟಲೇಬೇಕಾಗುತ್ತದೆ. ಹಾಗಾದರೆ ಸರಿಯಾಗಿ ಕಟ್ಟೋಣ.

ಕಟ್ಟುವ ನಾಯಿಗೆ ಪ್ಲಾಸ್ಟಿಕ್ ಕ್ಲಿಪ್ಪಿನ ಬೆಲ್ಟು ಬೇಡ, ಜಗ್ಗಿದರೆ ಒಡೆಯುತ್ತದೆ. ಲೋಹದ ಬಕಲ್ ಇರಲಿ. ಸರಪಳಿಯ ತುದಿಯಲ್ಲಿ ಗಿರಗಿರ ತಿರುಗುವ ಕೊಂಡಿ ಇರಲಿ, ಇಲ್ಲದಿದ್ದರೆ ಸರಪಳಿ ಹುರಿಗೊಂಡು ಗಿಡ್ಡವಾಗುತ್ತದೆ. ನಮ್ಮ ಮನೆಗಳ ಹಿಂದೆ ಧರೆ, ಮುಂದೆ ಎತ್ತರದ ಜಗಲಿ. ಅಂಥ ಅಂಚಿನ ಹತ್ತಿರ ಕಟ್ಟಿದ ನಾಯಿ ಬೆಕ್ಕು ಕಂಡು ಹಾರಿದರೆ ಸರಪಳಿ ನೆಲ ಮುಟ್ಟಲು ಬಿಡದೆ ನೇಣಾಗುತ್ತದೆ. ಅಂಚಿನವರೆಗೆ ಹೋಗದ ಜಾಗದಲ್ಲೇ ಕಟ್ಟಿ. ಎರಡು ಕಂಬದ ನಡುವೆ ತಂತಿ ಎಳೆದು ಅದರಲ್ಲಿ ಬಳೆ ಓಡುವ ಹಾಗೆ ಮಾಡಿ ಸರಪಳಿ ಸಿಕ್ಕಿಸಿದರೆ ನಾಯಿ ಅಂಗಳದ ಉದ್ದಕ್ಕೂ ಓಡಾಡಬಹುದು. ಕಂಬಕ್ಕೆ ಸುತ್ತಿಕೊಳ್ಳದಂತೆ ತಂತಿಯ ಎರಡೂ ಕಡೆ ತಡೆ ಹಾಕಿ.

ರಾತ್ರಿಯ ಮಾತು ಬೇರೆ. ನಮ್ಮ ಕಡೆ ಚಿರತೆ ನಾಯಿಗೆ ಬರುವುದು ಹೊಸ ಸುದ್ದಿಯಲ್ಲ. ಅದಕ್ಕಾಗಿ ಈಗ ಕೆಲವರು ಮುಳ್ಳಿನ ಬೆಲ್ಟು ತರಿಸುತ್ತಿದ್ದಾರೆ. ಅಂಗಡಿಯ ಮುಳ್ಳಿನ ಬೆಲ್ಟು ಹೆಚ್ಚಿನದು ಶೋಕಿಯದು. ಅದನ್ನು ಹಾಕಿ ಅಂಗಳದಲ್ಲಿ ಸರಪಳಿಗೆ ಕಟ್ಟಿದರೆ ನಾಯಿಗೆ ಓಡಲೂ ಬರುವುದಿಲ್ಲ, ಅಡಗಲೂ ಬರುವುದಿಲ್ಲ. ಚಿರತೆಗೆ ನಾವೇ ಊಟ ಬಡಿಸಿಟ್ಟ ಹಾಗೆ. ಕತ್ತಲಾದ ಮೇಲೆ ನಾಯಿ ಕೊಟ್ಟಿಗೆಯಲ್ಲೋ ಗೂಡಿನಲ್ಲೋ ಬಾಗಿಲು ಹಾಕಿದ ಕಡೆ, ಸರಪಳಿ ಇಲ್ಲದೆ ಮಲಗಬೇಕು. ಬೊಗಳಿ ಎಬ್ಬಿಸುವ ಕೆಲಸ ಅಲ್ಲಿಂದಲೂ ಆಗುತ್ತದೆ.

ಐವತ್ತು ರೂಪಾಯಿಯ ಕಾನೂನು

ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದಿದ್ದು 1960ರಲ್ಲಿ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಡುವುದು, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದೆ ಇರುವುದು ಎರಡೂ ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಒಳ್ಳೆಯ ಬೆಲ್ಟು ಅಷ್ಟಕ್ಕೆ ಬರುವುದಿಲ್ಲ. ಹಾಗಾಗಿ ಕಾನೂನಿನ ಹೆದರಿಕೆಗೆ ಯಾರೂ ಬದಲಾಗುವುದಿಲ್ಲ, ನಮ್ಮ ಕಣ್ಣೇ ಕಾನೂನಾಗಬೇಕು.

ದೊಡ್ಡಹಬ್ಬಕ್ಕೆ ಎಷ್ಟೋ ಮನೆಗಳಲ್ಲಿ ದನಕ್ಕೆ ಹೊಸ ಕಣ್ಣಿ ಹಾಕುತ್ತೇವೆ. ಆ ದಿನವೇ ನಾಯಿಗೂ ಹೊಸ ಬೆಲ್ಟು ಬರಲಿ. ಒಳಮೈಯಲ್ಲಿ ಮಾಸದ ಪೆನ್ನಿನಿಂದ ನಿಮ್ಮ ಮೊಬೈಲ್ ನಂಬರ್ ಬರೆಯಿರಿ. ದಾರಿ ತಪ್ಪಿದರೆ ಯಾರಾದರೂ ಫೋನ್ ಮಾಡಿಯಾರು. ಬೆಲ್ಟು ಇದೆ ಅಂದಮಾತ್ರಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಆಗಿದೆ ಅಂತಲ್ಲ, ಅದನ್ನು ವರ್ಷ ವರ್ಷ ಹಾಕಿಸಲೇಬೇಕು.

ಇದನ್ನು ಓದಿ ಮುಗಿಸಿದ ಮೇಲೆ ಮೊಬೈಲ್ ಕಿಸೆಗೆ ಹಾಕಿ ಅಂಗಳಕ್ಕೆ ಹೋಗಿ. ಬೆಲ್ಟು ಬಿಚ್ಚಿ, ಕುತ್ತಿಗೆಯ ಸುತ್ತ ಕೂದಲು ಸರಿಸಿ ನೋಡಿ, ಎರಡು ಬೆರಳು ಇಟ್ಟು ಮತ್ತೆ ಹಾಕಿ. ಐದು ನಿಮಿಷದ ಕೆಲಸ. ನಾಯಿಗೆ ಎಲ್ಲಿ ನೋವಾಗುತ್ತಿದೆ ಅಂತ ಅದು ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಹುಡುಕಬೇಕು.