ಒಂದು ಪ್ಲೇಟಿನ ಮೇಲೆ ನಾಲ್ಕು ಕ್ವಿಂಟಾಲ್

ಬೈಕಿನಲ್ಲಿ ಬೇರೆ ಯಾವ ಪಾರ್ಟ್ ಕೈಕೊಟ್ಟರೂ ಗಾಡಿ ನಿಂತುಬಿಡುತ್ತೆ. ಬ್ರೇಕ್ ಮಾತ್ರ ಉಲ್ಟಾ. ಅದು ಕೈಕೊಟ್ಟರೆ ಗಾಡಿ ನಿಲ್ಲೋದೇ ಇಲ್ಲ. ಬೇರೆ ಗಾಡಿಯ ಕ್ಯಾಲಿಪರ್ ತಂದು ನಮ್ಮ ಗಾಡಿಗೆ ಕೂರಿಸೋ ಆಸೆ ಇರೋರು ಈ ಒಂದು ಮಾತನ್ನ ಮೊದಲು ತಲೆಯಲ್ಲಿ ಇಟ್ಕೋಬೇಕು.

ಆಸೆಯೇನೂ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರ ತನಕ ಹೊರಬಂದ ಜಾವಾ, ಯೆಜ್ಡಿ ಗಾಡಿಗಳಿಗೆ ಇದ್ದದ್ದು ಡ್ರಮ್ ಬ್ರೇಕು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್100ಗೂ ಅದೇ. 1999ರಲ್ಲಿ ಹೀರೋ ಹೋಂಡಾ ಸಿಬಿಝಡ್ ಬಂದ ಕಾಲದಿಂದ ಈಚೆಗೆ ಡಿಸ್ಕ್ ಬ್ರೇಕ್ ನಮ್ಮ ರಸ್ತೆಗಳಲ್ಲಿ ಮಾಮೂಲಾಯ್ತು. ಜಾವಾ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಾಗ ಮುಂದಿನ ಚಕ್ರದಲ್ಲಿ ಡಿಸ್ಕ್ ಇತ್ತು. ಹಳೇ ಗಾಡಿ ಬಿಡಲಾರದವರು ಅಷ್ಟರೊಳಗೆ ತಮ್ಮದೇ ದಾರಿ ಹುಡುಕಿಕೊಂಡಿದ್ದರು. ಪಲ್ಸರ್ ಫೋರ್ಕು, ಅಪಾಚೆ ಚಕ್ರ, ಗುಜರಿಯಲ್ಲಿ ಸಿಕ್ಕ ಕ್ಯಾಲಿಪರ್, ಮಧ್ಯದಲ್ಲಿ ಲೇತ್ ಅಂಗಡಿಯವರು ಕೊರೆದುಕೊಟ್ಟ ಒಂದು ಕಬ್ಬಿಣದ ಪ್ಲೇಟು. ಇವತ್ತು ನಾನು ಹೇಳಹೊರಟಿರೋದು ಆ ಪ್ಲೇಟಿನ ಕಥೆ.

ನಮ್ಮೂರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಚಿಕ್ಕಪ್ಪನ ಮಗ ಅಲ್ಲಿಂದ ದಿನಾ ಹಿರಿಯೂರಿಗೆ ಕೆಲಸಕ್ಕೆ ಹೋಗಿಬರ್ತಾನೆ. ಗಾಡಿ 2012ರ ಪಲ್ಸರ್ 150. ಮುಂದೆ 240 ಮಿ.ಮೀ. ಡಿಸ್ಕ್, ಎಬಿಎಸ್ ಇಲ್ಲ. ದಾರಿಯಲ್ಲಿ ಟ್ರ್ಯಾಕ್ಟರು, ಕುರಿ ಮಂದೆ. ಹಿರಿಯೂರು ಹತ್ತಿರವಾದ ಹಾಗೆ ಹೈವೇ ಲಾರಿಗಳು. ಎರಡು ತಿಂಗಳ ಹಿಂದೆ ಫೋನ್ ಮಾಡಿದ.

"ಅಣ್ಣಾ, ಕೆಟಿಎಂ 390 ಕ್ಯಾಲಿಪರ್ ಸಿಕ್ಕೈತೆ. ಲೇತಿನೋರು ಪ್ಲೇಟ್ ಮಾಡ್ಕೊಡ್ತೀನಿ ಅಂದವ್ರೆ. ನೀನು ಕಂಪ್ಯೂಟರ್‌ನಾಗೆ ಡ್ರಾಯಿಂಗ್ ಒಂದು ಹಾಕ್ಕೊಡು ಸಾಕು."

"ಈಗಿರೋ ಬ್ರೇಕಿಗೆ ಏನಾಗೈತೋ?"

"ಹಿಡಿಯಲ್ಲ ಕಣಣ್ಣ. ಮೊನ್ನೆ ಕುರಿ ಮಂದೆ ಅಡ್ಡ ಬಂದಾಗ ಸ್ವಲ್ಪದ್ರಾಗೆ ತಪ್ತು."

ಇದು ಶೋಕಿ ವಿಷಯ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆದರೆ ಹುಡುಗ ಕೇಳ್ತಾ ಇದ್ದದ್ದು ನಿಲ್ಲೋ ಗಾಡಿ. ಅದಕ್ಕೇ ಡ್ರಾಯಿಂಗ್‌ಗಿಂತ ಮುಂಚೆ ಲೆಕ್ಕ ಹಾಕೋಣ ಅಂದೆ.

ಪ್ಲೇಟಿನ ಮೇಲೆ ಬೀಳೋ ಭಾರ

ಗಾಡಿ ಸುಮಾರು 145 ಕೆ.ಜಿ., ಓಡಿಸೋನು 70 ಕೆ.ಜಿ. ಒಟ್ಟು 215. ಒಣ ಡಾಂಬರಿನ ಮೇಲೆ ಗಟ್ಟಿಯಾಗಿ ಬ್ರೇಕ್ ಹಿಡಿದರೆ ವೇಗ ಪ್ರತಿ ಸೆಕೆಂಡಿಗೆ 8 ಮೀಟರ್‌ನಷ್ಟು ಇಳಿಯುತ್ತೆ ಅಂತ ಇಟ್ಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದ ಗಾಡಿ ಆಗ ಸುಮಾರು 17 ಮೀಟರಿನಲ್ಲಿ ನಿಲ್ಲುತ್ತೆ. ಇದಕ್ಕೆ ಬೇಕಾದ ಬಲ ಸುಮಾರು 1,720 ನ್ಯೂಟನ್. ಬ್ರೇಕ್ ಹಿಡಿದಾಗ ಗಾಡಿ ಮುಂದಕ್ಕೆ ಬಗ್ಗೋದರಿಂದ ಅದರಲ್ಲಿ ಹೆಚ್ಚುಕಮ್ಮಿ ಶೇ. 80 ಮುಂದಿನ ಚಕ್ರದ ಪಾಲು, ಅಂದರೆ ಸುಮಾರು 1,380 ನ್ಯೂಟನ್.

ಈ ಬಲ ಟೈರು ನೆಲಕ್ಕೆ ತಾಗೋ ಜಾಗದಲ್ಲಿ ಹುಟ್ಟುತ್ತೆ. ಅದು ಚಕ್ರದ ನಡುವಿನಿಂದ ಸುಮಾರು 30 ಸೆಂ.ಮೀ. ದೂರ. ಕ್ಯಾಲಿಪರ್ ಡಿಸ್ಕನ್ನು ಹಿಡಿಯೋ ಜಾಗ ಮಾತ್ರ ನಡುವಿನಿಂದ ಬರೀ 10-11 ಸೆಂ.ಮೀ. ಹತ್ತಿರ ಹಿಡಿದರೆ ಜಾಸ್ತಿ ಬಲ ಬೇಕು. ಬಾವಿ ರಾಟೆ ತಿರುಗಿಸಿದವರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಲೆಕ್ಕ ಹಾಕಿದರೆ ಕ್ಯಾಲಿಪರ್ ಮೇಲೆ ಬೀಳೋ ಎಳೆತ ಸುಮಾರು 3,900 ನ್ಯೂಟನ್. ತೂಕದ ಭಾಷೆಯಲ್ಲಿ 400 ಕೆ.ಜಿ., ನಾಲ್ಕು ಕ್ವಿಂಟಾಲ್.

ತಮ್ಮನಿಗೆ ಹೀಗೆ ಹೇಳಿದೆ: "50 ಕೆ.ಜಿ. ಈರುಳ್ಳಿ ಚೀಲ ಎಂಟು, ಆ ಪ್ಲೇಟಿಗೆ ನೇತುಹಾಕು. ಒಂದು ಸಲ ಅಲ್ಲ, ಜೋರಾಗಿ ಬ್ರೇಕ್ ಹಿಡಿದಾಗೆಲ್ಲ. ಹಿಂದೆ ಒಬ್ಬರನ್ನ ಕೂರಿಸಿಕೊಂಡರೆ ಇನ್ನೂ ಜಾಸ್ತಿ."

ಪ್ಲೇಟು ಅಂದರೆ ಮಧ್ಯದ ಸಂದು ತುಂಬೋ ವಾಷರ್ ಅಂತ ಬಹಳ ಜನ ತಿಳ್ಕೊಂಡಿರ್ತಾರೆ. ಹಾಗಲ್ಲ. ಗಾಡಿಯನ್ನ ನಿಲ್ಲಿಸೋ ಅಷ್ಟೂ ಬಲ ಅದರ ಮೂಲಕವೇ ಫೋರ್ಕಿಗೆ ಹೋಗೋದು. ಅದು ಮುರಿದರೆ ಕ್ಯಾಲಿಪರ್ ಚಕ್ರದ ಕಡ್ಡಿಗೆ ಸಿಕ್ಕಿ ಮುಂದಿನ ಚಕ್ರ ಒಮ್ಮೆಲೇ ಲಾಕ್ ಆಗಬಹುದು. ಆಗ ಗಾಡಿ ನಿಲ್ಲುತ್ತೆ, ಮೇಲಿದ್ದವನು ನಿಲ್ಲಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಅಡಾಪ್ಟರ್ ಅಂತ ಬರೀತೀವಿ. ಒಂದು ಸಿಸ್ಟಮ್ ಕೊಡೋದು ಇನ್ನೊಂದಕ್ಕೆ ಹೊಂದಲಿ ಅಂತ ಮಧ್ಯೆ ಒಂದು ತುಂಡು ಕೋಡ್. ತಪ್ಪಾದರೆ ಲಾಗ್‌ನಲ್ಲಿ ಕೆಂಪು ಅಕ್ಷರ ಬರುತ್ತೆ, ಹಳೇ ವರ್ಷನ್ ವಾಪಸ್ ಹಾಕ್ತೀವಿ. ಹಿರಿಯೂರು ರಸ್ತೆಯಲ್ಲಿ ರೋಲ್‌ಬ್ಯಾಕ್ ಬಟನ್ ಇಲ್ಲ.

ನಾಲ್ಕು ಪಿಸ್ಟನ್ ಅಂದ್ರೆ ಡಬಲ್ ಬ್ರೇಕಾ?

ಎರಡನೇ ಲೆಕ್ಕ ಇದಕ್ಕಿಂತ ಸುಲಭ. ಆದರೆ ಹೆಚ್ಚಿನವರು ಇದನ್ನ ಬಿಟ್ಟೇಬಿಡ್ತಾರೆ. ಲಿವರ್ ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರಿನ ಸಣ್ಣ ಪಿಸ್ಟನ್ ಆಯಿಲನ್ನ ತಳ್ಳುತ್ತೆ, ಕೆಳಗೆ ಕ್ಯಾಲಿಪರಿನ ದೊಡ್ಡ ಪಿಸ್ಟನ್ ಪ್ಯಾಡನ್ನ ಒತ್ತುತ್ತೆ. ಎರಡರ ವಿಸ್ತೀರ್ಣದ ಅನುಪಾತವೇ ಬ್ರೇಕಿನ ಶಕ್ತಿ.

ಲೆಕ್ಕಕ್ಕೆ ಅಂತ ಮಾಸ್ಟರ್ ಸಿಲಿಂಡರ್ 12.7 ಮಿ.ಮೀ. ಅಂದ್ಕೊಳ್ಳಿ. ವಿಸ್ತೀರ್ಣ 127 ಚದರ ಮಿ.ಮೀ. ಹಳೇ ಕ್ಯಾಲಿಪರಿನಲ್ಲಿ ಒಂದೇ ಕಡೆ 26 ಮಿ.ಮೀ.ನ ಎರಡು ಪಿಸ್ಟನ್ ಇದ್ದರೆ 1,062 ಚದರ ಮಿ.ಮೀ. ಅನುಪಾತ 8.4. ಹೊಸ ಕ್ಯಾಲಿಪರಿನಲ್ಲಿ 27 ಮಿ.ಮೀ.ನ ನಾಲ್ಕು ಪಿಸ್ಟನ್, ಈ ಕಡೆ ಎರಡು, ಆ ಕಡೆ ಎರಡು ಅಂತ ಇಟ್ಕೊಳ್ಳಿ. ನಾಲ್ಕನ್ನೂ ಕೂಡಿಸಬೇಕು ಅನ್ನಿಸುತ್ತೆ. ಕೂಡಿಸಬಾರದು. ಎದುರುಬದುರು ಇರೋ ಪಿಸ್ಟನ್‌ಗಳಲ್ಲಿ ಒಂದು ಕಡೆಯದನ್ನ ಮಾತ್ರ ಎಣಿಸಬೇಕು. ಹಳೇ ಮಾದರಿಯಲ್ಲಿ ಆ ಕಡೆಯ ಪ್ಯಾಡನ್ನ ಕ್ಯಾಲಿಪರ್ ತಾನೇ ಜಾರಿ ಬಂದು ಅಷ್ಟೇ ಬಲದಿಂದ ಒತ್ತುತ್ತಿರುತ್ತೆ. ಹಾಗಾಗಿ ಹೊಸದರ ಲೆಕ್ಕ 1,145. ಅನುಪಾತ 9. ಲಾಭ ಬರೀ ಶೇ. 8.

ಇನ್ನೂ ದೊಡ್ಡ ಪಿಸ್ಟನ್ ಹಾಕಿದರೆ? ಬಲ ಜಾಸ್ತಿ ಆಗುತ್ತೆ, ಜೊತೆಗೆ ಲಿವರ್ ಅಷ್ಟೇ ಜಾಸ್ತಿ ಒಳಗೆ ಹೋಗುತ್ತೆ. ಪಿಸ್ಟನ್ 30 ಮಿ.ಮೀ. ಆದರೆ ಹಳೆಯದಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ಓಡಾಟ. ಲಿವರ್ ಹ್ಯಾಂಡಲ್‌ಗೆ ತಾಗಿ ನಿಂತರೆ ಅಲ್ಲಿಗೆ ಮುಗೀತು. ಮಾಸ್ಟರ್ ಸಿಲಿಂಡರ್ ಬದಲಿಸದೆ ಕ್ಯಾಲಿಪರ್ ಒಂದನ್ನೇ ಬದಲಿಸೋದು ಅರ್ಧ ಕೆಲಸ.

ಆಕಾರದ ತಕರಾರು

390ರ ಕ್ಯಾಲಿಪರ್ ಇಟಲಿಯ ಬ್ರೆಂಬೊ ಕಂಪನಿಯ ಬೈಬ್ರೆ ಬ್ರಾಂಡಿನದು. ಒಳ್ಳೇ ಮಾಲು, ಅನುಮಾನವೇ ಇಲ್ಲ. ಆದರೆ ಅದನ್ನ ಮಾಡಿರೋದು 300 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಡಿಸ್ಕಿಗೆ. ಅದರ ಪ್ಯಾಡಿನ ಬಾಗು 240ರ ಡಿಸ್ಕಿನ ಬಾಗಿಗೆ ಸರಿಯಾಗಿ ಕೂರಲ್ಲ. ಪ್ಯಾಡಿನ ಒಂದು ಅಂಚು ಡಿಸ್ಕಿನಿಂದ ಆಚೆ ನಿಲ್ಲುತ್ತೆ, ಸವೆಯದೆ ತುಟಿಯ ಹಾಗೆ ಉಳಿಯುತ್ತೆ.

ಇನ್ನೊಂದು ತೊಡಕು ಬೋಲ್ಟಿನ ದಿಕ್ಕು. ಪಲ್ಸರ್ ಕ್ಯಾಲಿಪರಿನ ಬೋಲ್ಟು ಚಕ್ರದ ಅಚ್ಚಿನ ದಿಕ್ಕಿನಲ್ಲಿ, ಪಕ್ಕದಿಂದ ಹೋಗುತ್ತೆ. 390ರದ್ದು ರೇಡಿಯಲ್, ಹಿಂದಿನಿಂದ ಮುಂದಕ್ಕೆ ಹೋಗುತ್ತೆ. ಎರಡನ್ನ ಸೇರಿಸೋಕೆ ಚಪ್ಪಟೆ ಪ್ಲೇಟ್ ಸಾಲದು, ಎರಡು ದಿಕ್ಕಿನಲ್ಲಿ ತೂತಿರೋ ದಪ್ಪ ಬ್ಲಾಕ್ ಬೇಕು. ಲೇತ್ ಅಂಗಡಿಯಲ್ಲಿ ಸಿಕ್ಕ ಸಲಹೆ, ಎರಡು ಪಟ್ಟಿಯನ್ನ ಎಲ್ ಆಕಾರಕ್ಕೆ ವೆಲ್ಡ್ ಮಾಡೋದು. ಅಂದರೆ ಆ ಎಂಟು ಚೀಲ ಈರುಳ್ಳಿ ನಿಲ್ಲೋದು ಒಂದು ವೆಲ್ಡಿಂಗ್ ಗೆರೆಯ ಮೇಲೆ. ನಾನು ಬೇಡ ಅಂದೆ.

ಹಾಗಾದ್ರೆ ಹಿಡೀತಾ ಇರ್ಲಿಲ್ಲ ಯಾಕೆ?

ಊರಿಗೆ ಹೋದ ಭಾನುವಾರ ಹಳೇ ಕ್ಯಾಲಿಪರ್ ಬಿಚ್ಚಿದ್ವಿ. ಒಳಗಿನ ಪ್ಯಾಡ್ ಕಬ್ಬಿಣದ ತನಕ ಸವೆದಿದೆ, ಹೊರಗಿನದು ಅರ್ಧಕ್ಕರ್ಧ ಹಾಗೇ ಇದೆ. ರೋಗ ಇದೇ. ಕ್ಯಾಲಿಪರ್ ಜಾರೋ ಪಿನ್ನು ತುಕ್ಕು ಹಿಡಿದು ಬಿಗಿದಿತ್ತು. ಪಿಸ್ಟನ್ ಒಂದು ಕಡೆಯಿಂದ ಒತ್ತುತ್ತೆ, ಇನ್ನೊಂದು ಪ್ಯಾಡು ಡಿಸ್ಕಿನ ಹತ್ತಿರ ಬರೋದೇ ಇಲ್ಲ. ಆಯಿಲ್ ಟೀ ಬಣ್ಣಕ್ಕೆ ತಿರುಗಿತ್ತು. ಡಾಟ್ 3, ಡಾಟ್ 4 ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅನ್ನೋದು ಮಾನದಂಡ. ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯುತ್ತೆ. ಆಯಿಲ್ ಕುದ್ದು ಆವಿಯಾದರೆ ಲಿವರ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ.

ಹೊಸ ಸೀಲ್ ಕಿಟ್, ಪಿನ್ನು, ಪಿನ್ನಿಗೆ ಬ್ರೇಕ್ ಗ್ರೀಸು, ಒಳ್ಳೇ ಪ್ಯಾಡು, ಹೊಸ ಆಯಿಲು. ಜೊತೆಗೆ ಗಟ್ಟಿಯಾಗಿದ್ದ ಮುಂದಿನ ಟೈರು ಬದಲು. ಟೈರು ಹಿಡಿಯದಿದ್ದರೆ ಎಂಥಾ ಕ್ಯಾಲಿಪರ್ ಇದ್ದರೂ ಚಕ್ರ ಜಾರುತ್ತೆ ಅಷ್ಟೆ.

ಒಂದು ರೌಂಡ್ ಹೋಗಿಬಂದು, "ಹಿಡೀತೈತೆ ಕಣಣ್ಣ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನೋಡಾಕೆ ಹಂಗೇ ಐತೆ" ಅಂತಾನೂ ಅಂದ. ಆ ಬೇಜಾರು ನನಗೂ ಅರ್ಥ ಆಗುತ್ತೆ.

ಮಾಡಲೇಬೇಕು ಅನ್ನೋರಿಗೆ

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ಇನ್ಶೂರೆನ್ಸ್‌ನವರು ಕೇಳೋ ಮೊದಲ ಪ್ರಶ್ನೆಯೂ ಇದೇ ಆಗಬಹುದು. ಎಬಿಎಸ್ ಇರೋ ಗಾಡಿಗಂತೂ ಕೈ ಹಾಕಲೇಬೇಡಿ. ಅದರ ಹೊಂದಾಣಿಕೆ ಆ ಕ್ಯಾಲಿಪರಿಗೇ ಮಾಡಿರೋದು.

ಖಾಸಗಿ ಜಾಗದಲ್ಲಿ, ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸೋ ಗಾಡಿಗೆ ಮಾಡೋದಾದರೆ ಇಷ್ಟನ್ನ ನೋಡ್ಕೊಳ್ಳಿ.

ಮೊದಲು ರಟ್ಟಿನಲ್ಲಿ, ಆಮೇಲೆ ಪ್ಲೈವುಡ್‌ನಲ್ಲಿ ಮಾದರಿ ಮಾಡಿ, ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಕ್ಯಾಲಿಪರಿಗೂ ಚಕ್ರದ ಕಡ್ಡಿಗೂ ಮಧ್ಯೆ ಕನಿಷ್ಠ 3 ಮಿ.ಮೀ. ಜಾಗ ಇರಲಿ. ಆ ಮಾದರಿ ಅಳತೆಗೆ ಮಾತ್ರ, ಅದನ್ನೇ ಹಾಕಿ ಗಾಡಿ ಹೊರಗೆ ತೆಗೀಬೇಡಿ.

ಡಿಸ್ಕು ಕ್ಯಾಲಿಪರಿನ ಸರಿಯಾಗಿ ಮಧ್ಯೆ ಬರಬೇಕು. ಜಾರೋ ಕ್ಯಾಲಿಪರ್ ಸ್ವಲ್ಪ ವ್ಯತ್ಯಾಸ ತಡೆದುಕೊಳ್ಳುತ್ತೆ, ಎರಡೂ ಕಡೆ ಪಿಸ್ಟನ್ ಇರೋದು ತಡೆದುಕೊಳ್ಳಲ್ಲ. ಪ್ಲೇಟಿನ ಎರಡು ಮುಖ ಒಂದಕ್ಕೊಂದು ಸಮಾಂತರ ಇಲ್ಲದಿದ್ದರೆ ಪ್ಯಾಡು ಓರೆಯಾಗಿ ಸವೆಯುತ್ತೆ.

ಬೋಲ್ಟು 8.8 ಅಥವಾ 10.9 ಗ್ರೇಡಿನದೇ ಇರಲಿ, ತಲೆಯ ಮೇಲೆ ಅಂಕಿ ಬರೆದಿರುತ್ತೆ. ಅಲ್ಯುಮಿನಿಯಂ ಬ್ಲಾಕಿನಲ್ಲಿ ಮರೆ ಕೊಯ್ಯೋದಾದರೆ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಆಳ ಬೇಕು. 8 ಮಿ.ಮೀ. ಬೋಲ್ಟಿಗೆ 12 ಮಿ.ಮೀ. ಎರಡು ಎಳೆ ಮರೆಯ ಮೇಲೆ ಜೀವ ಇಡಬೇಡಿ.

ಏರ್ ತೆಗೆಯೋ ನಿಪ್ಪಲ್ ಮೇಲ್ಮುಖವಾಗಿರಬೇಕು. ಎಡಗಡೆಯ ಕ್ಯಾಲಿಪರ್ ಬಲಕ್ಕೆ ಹಾಕಿದರೆ ಅದು ಕೆಳಗೆ ಹೋಗುತ್ತೆ, ಗಾಳಿ ಒಳಗೇ ಉಳಿಯುತ್ತೆ. ಎಷ್ಟು ಪಂಪ್ ಮಾಡಿದರೂ ಲಿವರ್ ಗಟ್ಟಿಯಾಗಲ್ಲ.

ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ಎಳೆಯುತ್ತಾ ನೋಡಿ. ಹೋಸ್ ಬೋಲ್ಟಿನ ತಾಮ್ರದ ವಾಷರ್ ಪ್ರತಿ ಸಲ ಹೊಸದು ಹಾಕಿ. ಲಿವರನ್ನ ಒಂದು ನಿಮಿಷ ಬಲವಾಗಿ ಹಿಡಿದು ಸೋರಿಕೆ ಇದೆಯಾ ನೋಡಿ. ಖಾಲಿ ಮೈದಾನದಲ್ಲಿ 20ರ ವೇಗದಿಂದ ಶುರುಮಾಡಿ. ಬೋಲ್ಟಿನ ಮೇಲೆ ಪೇಂಟ್ ಗೆರೆ ಎಳೆದಿಟ್ಟರೆ ಸಡಿಲವಾದದ್ದು ಕಣ್ಣಿಗೇ ಕಾಣುತ್ತೆ.

ಇದಕ್ಕೆಲ್ಲ ಮುಂಚೆ, ಈ ಭಾನುವಾರ ಒಂದು ಟಾರ್ಚ್ ಹಿಡಿದು ನಿಮ್ಮ ಗಾಡಿಯ ಎರಡೂ ಪ್ಯಾಡ್ ನೋಡಿ. ಒಂದು ಸವೆದು ಇನ್ನೊಂದು ಹಾಗೇ ಇದ್ದರೆ, ನಿಮಗೆ ಬೇಕಿರೋದು ಬೇರೆ ಗಾಡಿಯ ಕ್ಯಾಲಿಪರ್ ಅಲ್ಲ. ನಿಮ್ಮದೇ ಕ್ಯಾಲಿಪರಿಗೆ ಒಂದು ಚಮಚ ಗ್ರೀಸು, ಅರ್ಧ ದಿನದ ಪುರುಸೊತ್ತು.