ವಕೀಲರ ಮೇಲಿನ ದೂರು ಯಾರ ಮುಂದೆ?

ನಾಸಿಕ್ ಜಿಲ್ಲೆಯ ನಿಫಾಡದ ದ್ರಾಕ್ಷಿ ಬೆಳೆಗಾರನೊಬ್ಬನನ್ನು ಊಹಿಸಿಕೊಳ್ಳೋಣ. ಹೆದ್ದಾರಿಗೆ ಹೋದ ಜಮೀನಿಗೆ ಹೆಚ್ಚಿನ ಪರಿಹಾರ ಕೇಳಿ ದಾವೆ ಹೂಡಿದ್ದ, ಗೆದ್ದ. ಹಣ ವಕೀಲರ ಖಾತೆಗೆ ಬಂದಿದೆ, ಅಲ್ಲಿಂದ ಮುಂದಕ್ಕೆ ಬಂದಿಲ್ಲ. ಆತ ಮೊದಲು ಹೋಗುವುದು ತಾಲ್ಲೂಕಿನ ವಕೀಲರ ಸಂಘಕ್ಕೆ. ಅಲ್ಲಿ ಹಿರಿಯರೊಬ್ಬರು "ನೋಡೋಣ, ಮಾತಾಡ್ತೀನಿ" ಎನ್ನುತ್ತಾರೆ. ಸಂಘಕ್ಕೆ ಅದಕ್ಕಿಂತ ಹೆಚ್ಚಿನ ಅಧಿಕಾರವೂ ಇಲ್ಲ. ಸನದನ್ನು ಅಮಾನತು ಮಾಡುವ, ಪಟ್ಟಿಯಿಂದ ಹೆಸರನ್ನೇ ತೆಗೆಯುವ ಅಧಿಕಾರವನ್ನು 1961ರ ವಕೀಲರ ಕಾಯ್ದೆಯ 35ನೇ ಕಲಂ ಕೊಟ್ಟಿರುವುದು ರಾಜ್ಯ ಪರಿಷತ್ತಿಗೆ. ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿನ ಕಚೇರಿ ಇರುವುದು ಮುಂಬೈಯಲ್ಲಿ.

ಛತ್ರಪತಿ ಸಂಭಾಜಿನಗರದವರಿಗೆ, ಅಂದರೆ ಹಳೆಯ ಔರಂಗಾಬಾದಿನವರಿಗೆ, ಹೈಕೋರ್ಟಿನ ಪೀಠ 1981ರಲ್ಲೇ ಊರಿಗೆ ಬಂತು. ಕಕ್ಷಿದಾರ ಮುಂಬೈಗೆ ಅಲೆಯುವುದು ತಪ್ಪಲಿ ಎಂಬುದೇ ಅದರ ಉದ್ದೇಶ. ಆದರೆ ಆ ಪೀಠದೆದುರು ವಾದಿಸಿದ ವಕೀಲರ ಮೇಲೆ ದೂರಿದ್ದರೆ ಅದೇ ಕಕ್ಷಿದಾರ ಮತ್ತೆ ಮುಂಬೈ ದಾರಿ ಹಿಡಿಯಬೇಕು. ಕರ್ನಾಟಕದವರಿಗೆ ಇದು ಹೊಸದೇನಲ್ಲ. ಧಾರವಾಡ, ಕಲಬುರಗಿಗೆ 2008ರಲ್ಲಿ ಪೀಠಗಳು ಬಂದವು, ಪರಿಷತ್ತು ಬೆಂಗಳೂರಿನಲ್ಲೇ ಇದೆ.

ಈ 35ನೇ ಕಲಮಿನ ಮೇಲೆ 2025ರಲ್ಲಿ ಎರಡು ಕಡೆಯಿಂದ ಭಾರ ಬಿತ್ತು. ಜುಲೈಯಲ್ಲಿ ಬಾಂಬೆ ಹೈಕೋರ್ಟ್, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ವಕೀಲರ ಪರಿಷತ್ತುಗಳ ಸ್ವಂತ ನೌಕರರಿಗೆ ಅನ್ವಯಿಸುತ್ತದೆ, ವಕೀಲರಿಗಲ್ಲ ಎಂದಿತು. ಪರಿಷತ್ತು ವಕೀಲರ ಮಾಲೀಕನಲ್ಲ ಎಂಬುದು ಅದರ ಕಾರಣ. ಮಹಿಳಾ ವಕೀಲರು ಸಹೋದ್ಯೋಗಿಗಳ ಮೇಲೆ ದೂರು ಕೊಡುವುದಿದ್ದರೆ 35ನೇ ಕಲಂ ಇದೆಯಲ್ಲ ಎಂದೂ ಹೇಳಿತು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಎದುರು ಪಕ್ಷದ ವಕೀಲರ ಮೇಲೆ ಬಂದ ಹುರುಳಿಲ್ಲದ ದೂರನ್ನು ಶಿಸ್ತು ಸಮಿತಿಗೆ ಕಳಿಸಿದ್ದಕ್ಕೆ ಇದೇ ಮಹಾರಾಷ್ಟ್ರ ಪರಿಷತ್ತಿಗೆ 50,000 ರೂಪಾಯಿ ದಂಡ ಹಾಕಿತು. ದುರ್ನಡತೆ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಮಾತ್ರ ದೂರನ್ನು ಸಮಿತಿಗೆ ಒಪ್ಪಿಸಬೇಕು ಎನ್ನುತ್ತದೆ ಕಾಯ್ದೆ. ಆ ಕಾರಣವನ್ನು ಪರಿಷತ್ತು ಬರೆದೇ ಇರಲಿಲ್ಲ.

ಎರಡೂ ತೀರ್ಪುಗಳನ್ನು ಕಾನೂನಿನ ದೃಷ್ಟಿಯಿಂದ ಸಮರ್ಥಿಸಬಹುದು. ಆದರೆ ಒಟ್ಟಿಗಿಟ್ಟು ನೋಡಿದರೆ ಪರಿಸ್ಥಿತಿ ವಿಚಿತ್ರವಾಗಿದೆ. ಕಿರುಕುಳಕ್ಕೊಳಗಾದ ಕಿರಿಯ ವಕೀಲೆಗೂ, ಸುಳ್ಳು ದೂರಿಗೆ ಸಿಕ್ಕ ವಕೀಲರಿಗೂ ಉಳಿದಿರುವುದು ಅದೊಂದೇ ಸಮಿತಿ. ಅದು ಹೇಗಿದೆ?

ಸಮಿತಿಯಲ್ಲಿ ಮೂವರು. ಇಬ್ಬರು ಪರಿಷತ್ತಿನ ಸದಸ್ಯರು, ಒಬ್ಬರು ಹೊರಗಿನಿಂದ ಕರೆತಂದವರು. 'ಹೊರಗಿನವರು' ಅಂದರೂ ಅವರೂ ವಕೀಲರೇ. ಮಹಿಳೆಯೊಬ್ಬರು ಇರಲೇಬೇಕು ಎಂದು 9ನೇ ಕಲಂ ಹೇಳುವುದಿಲ್ಲ. 2013ರ ಕಾಯ್ದೆಯ ಸಮಿತಿಯಲ್ಲಾದರೆ ಅಧ್ಯಕ್ಷೆ ಮಹಿಳೆ, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರು, ಸಂಸ್ಥೆಗೆ ಸೇರದ ಒಬ್ಬ ಸದಸ್ಯರು, 90 ದಿನದ ಗಡುವು. ಅದನ್ನು ಕೊಡಲಾಗದು ಎಂದ ಮೇಲೆ ಅದರ ಬದಲಿಗೆ ತೋರಿಸಿದ ಬಾಗಿಲಾದರೂ ಅಷ್ಟೇ ಅಗಲ ಇರಬೇಕಿತ್ತು.

ಇದಕ್ಕಿಂತ ಮುಜುಗರದ ಸಂಗತಿ ಮತದ್ದು. ಪರಿಷತ್ತಿನ ಸದಸ್ಯರನ್ನು ಆರಿಸುವವರು ವಕೀಲರು. ನಾಸಿಕ್, ಸಂಭಾಜಿನಗರದ ಕೋರ್ಟು ಆವರಣಗಳಲ್ಲಿ ಕೈಮುಗಿದು ಮತ ಕೇಳಿ ಗೆದ್ದವರೇ ಅಲ್ಲಿನ ವಕೀಲರ ಮೇಲಿನ ದೂರನ್ನು ವಿಚಾರಿಸುತ್ತಾರೆ. ಎಲ್ಲರೂ ಪಕ್ಷಪಾತ ಮಾಡುತ್ತಾರೆ ಎಂದಲ್ಲ. ಆದರೆ ಯಾರ ಮತದಿಂದ ಕುರ್ಚಿ ಸಿಕ್ಕಿತೋ ಅವರನ್ನೇ ಶಿಕ್ಷಿಸಬೇಕಾದ ಜಾಗದಲ್ಲಿ ತೀರ್ಪು ಕೊಡುವುದಕ್ಕಿಂತ ತಡ ಮಾಡುವುದು ಸುಲಭ. ತಡ ಮಾಡಿದ್ದಕ್ಕೆ ಯಾರೂ ಮತ ಕಳೆದುಕೊಳ್ಳುವುದಿಲ್ಲ.

ತಡದ ಕಥೆ ಹಳೆಯದು. ಮುಂಬೈಯ ಮ್ಯಾಜಿಸ್ಟ್ರೇಟ್ ಕೋರ್ಟುಗಳ ಬಾಗಿಲಲ್ಲಿ ನಿಂತು, ಬರುವ ಕಕ್ಷಿದಾರರ ಮೇಲೆ ಮುಗಿಬಿದ್ದು ಕಾಗದ ಕಿತ್ತುಕೊಳ್ಳುತ್ತಿದ್ದ ಕೆಲವು ವಕೀಲರ ವಿಷಯ ಪರಿಷತ್ತಿನ ಮುಂದೆ ಬಂದದ್ದು 1964ರಲ್ಲಿ. ಶಿಸ್ತು ಸಮಿತಿ ಮೂರು ವರ್ಷದ ಅಮಾನತು ವಿಧಿಸಿದ್ದು 1973ರಲ್ಲಿ. ಅಪೀಲಿನಲ್ಲಿ ಭಾರತೀಯ ವಕೀಲರ ಪರಿಷತ್ತು ನಿಯಮವನ್ನು ಎಳೆದಾಡಿ, ಒಬ್ಬ ನಿರ್ದಿಷ್ಟ ವ್ಯಕ್ತಿಯಿಂದ ನಿರ್ದಿಷ್ಟ ಪ್ರಕರಣವನ್ನು ಕೇಳಿ ಪಡೆದರೆ ಮಾತ್ರ ತಪ್ಪು ಎಂಬಂತೆ ಓದಿ, ಅವರನ್ನು ಬಿಟ್ಟಿತು. ಮಹಾರಾಷ್ಟ್ರ ಪರಿಷತ್ತು ಸುಮ್ಮನಾಗದೆ ಸುಪ್ರೀಂ ಕೋರ್ಟಿಗೆ ಹೋಯಿತು. ಹೋಗಲು ಅದಕ್ಕೆ ಹಕ್ಕಿದೆಯೇ ಎಂಬುದನ್ನೇ ಏಳು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಬೇಕಾಯಿತು. ಹಕ್ಕಿದೆ ಎಂದಾಯಿತು, ಕೆಳಗಿನ ಓದು ತಪ್ಪು ಎಂದೂ ಆಯಿತು. ಅಷ್ಟರಲ್ಲಿ 1975 ಬಂದಿತ್ತು. ದಾಭೋಳ್ಕರ್ ಪ್ರಕರಣ ಎಂದು ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುವುದು ಇದನ್ನೇ. ಆದರೆ ಓದುವಾಗ ನೆನಪಿಟ್ಟುಕೊಳ್ಳುವುದು ವೃತ್ತಿಧರ್ಮದ ಮಾತುಗಳನ್ನು, ಹನ್ನೊಂದು ವರ್ಷಗಳನ್ನಲ್ಲ.

ಸಂಸತ್ತಿಗೂ ತಡದ ಅರಿವಿತ್ತು. 1973ರ ತಿದ್ದುಪಡಿಯಲ್ಲಿ 36ಬಿ ಕಲಂ ಬಂತು. ದೂರು ಒಂದು ವರ್ಷದಲ್ಲಿ ಇತ್ಯರ್ಥವಾಗಬೇಕು, ಆಗದಿದ್ದರೆ ಭಾರತೀಯ ಪರಿಷತ್ತಿಗೆ ವರ್ಗವಾಗಬೇಕು. ಕೇಳಲು ಚೆನ್ನಾಗಿದೆ. ಆದರೆ ನಿಫಾಡದ ಬೆಳೆಗಾರನ ಲೆಕ್ಕದಲ್ಲಿ ಇದರ ಅರ್ಥ ಬೇರೆ: ಮುಂಬೈಯವರು ತಡ ಮಾಡಿದ್ದಕ್ಕೆ ಆತ ಸಾವಿರ ಕಿಲೋಮೀಟರಿಗೂ ಆಚೆಯ ದೆಹಲಿಗೆ ಹೋಗಬೇಕು! ತಪ್ಪಿದವರು ಪರಿಷತ್ತಿನವರು, ರೈಲು ಟಿಕೆಟ್ ದೂರುದಾರನದು. 2021ರ ಡಿಸೆಂಬರಿನಲ್ಲಿ, ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ವರ್ಗಾವಣೆಯ ಚಾಳಿಯನ್ನು ಟೀಕಿಸಿತು. ವರ್ಷದೊಳಗೆ ಮುಗಿಸಿ ಎಂದು ರಾಜ್ಯ ಪರಿಷತ್ತುಗಳಿಗೂ, ವರ್ಗವಾಗಿ ಬಂದದ್ದನ್ನು ಇನ್ನೊಂದು ವರ್ಷದಲ್ಲಿ ಮುಗಿಸಿ ಎಂದು ದೆಹಲಿಗೂ ಹೇಳಿತು. ಬೇಕಾದರೆ ನಿವೃತ್ತ ನ್ಯಾಯಾಧೀಶರನ್ನು ವಿಚಾರಣಾಧಿಕಾರಿಗಳಾಗಿ ಬಳಸಿಕೊಳ್ಳಬಹುದು ಎಂದೂ ಸೂಚಿಸಿತು.

ಹೊರಗಿನವರು ಬೇಡ ಎನ್ನಲು ವಕೀಲರಿಗೆ ಒಂದು ಗಟ್ಟಿ ಕಾರಣವಿದೆ. ಸರ್ಕಾರದ ವಿರುದ್ಧ ವಾದಿಸುವವರ ಸನದು ಸರ್ಕಾರದ ಕೈಗೆ ಸಿಗಬಾರದು. 2025ರ ಆರಂಭದಲ್ಲಿ ಕೇಂದ್ರ ಹೊರಡಿಸಿದ ತಿದ್ದುಪಡಿ ಕರಡು, ಭಾರತೀಯ ಪರಿಷತ್ತಿಗೆ ತನ್ನ ನಾಮನಿರ್ದೇಶಿತರನ್ನು ಸೇರಿಸಲು ಹೊರಟಾಗ ವಕೀಲರು ಬೀದಿಗಿಳಿದರು, ಕರಡು ವಾಪಸಾಯಿತು. ಆ ಪ್ರತಿಭಟನೆ ನ್ಯಾಯವೇ. ಆದರೆ ಹೊರಗಿನವರು ಅಂದರೆ ಸರ್ಕಾರದವರೇ ಆಗಬೇಕಿಲ್ಲ. ಲೆಕ್ಕಪರಿಶೋಧಕರ ಶಿಸ್ತು ಸಮಿತಿಯ ಐವರಲ್ಲಿ ಇಬ್ಬರನ್ನು ಕೇಂದ್ರ ನೇಮಿಸುವಂತೆ 2006ರ ತಿದ್ದುಪಡಿಯೇ ಮಾಡಿತು. ವಕೀಲರಿಗೆ ಆ ಮಾದರಿ ಬೇಡ. ಮೂವರಲ್ಲಿ ಒಬ್ಬರನ್ನು, ಮತ ಕೇಳುವ ಹಂಗಿಲ್ಲದ ಒಬ್ಬ ನಿವೃತ್ತ ಜಿಲ್ಲಾ ನ್ಯಾಯಾಧೀಶರನ್ನೋ ನ್ಯಾಯಾಧೀಶೆಯನ್ನೋ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹೆಸರಿಸಲಿ. ಕಿರುಕುಳದ ದೂರಾದರೆ ಸಮಿತಿಯ ಅಧ್ಯಕ್ಷತೆ ಮಹಿಳೆಯದೇ ಆಗಿರಲಿ.

ಇದಕ್ಕೆ ಕಾಯ್ದೆ ಬದಲಾಗಬೇಕು, ಅದು ಸದ್ಯಕ್ಕಾಗದು. ಉಳಿದದ್ದಕ್ಕೆ ಕಾಯ್ದೆಯನ್ನು ಮುಟ್ಟಬೇಕಿಲ್ಲ. ವಿಚಾರಣೆಯ ದಿನ, ಹೊತ್ತು, ಸ್ಥಳ ಗೊತ್ತುಮಾಡುವ ಅಧಿಕಾರ ಸಮಿತಿಯ ಅಧ್ಯಕ್ಷರಿಗೆ ಈಗಿನ ನಿಯಮದಲ್ಲೇ ಇದೆ. ನಾಸಿಕ್ ದೂರನ್ನು ನಾಸಿಕ್‌ನಲ್ಲೇ, ಮರಾಠವಾಡದ್ದನ್ನು ಸಂಭಾಜಿನಗರದಲ್ಲೇ ಕೇಳಲು ಯಾವ ಕಲಮೂ ಅಡ್ಡ ಬರುವುದಿಲ್ಲ. ದೂರುದಾರ ರಾಜಿಯಾದ ಮಾತ್ರಕ್ಕೆ ಪ್ರಕರಣ ಕೈಬಿಡಬಾರದು ಎಂಬ ನಿಯಮವೂ ಇದೆ. ಹಣ ಅರ್ಧ ಕೊಟ್ಟು ಬಾಯಿ ಮುಚ್ಚಿಸುವ ಊರಿನ ಸಂಧಾನಗಳಿಗೆ ಅದೇ ಮದ್ದು.

ಇನ್ನು ಲೆಕ್ಕ. ಈ ವರ್ಷ ಎಷ್ಟು ದೂರು ಬಂದವು, ಎಷ್ಟನ್ನು ಬಾಗಿಲಲ್ಲೇ ಕಾರಣ ಬರೆದು ತಳ್ಳಿಹಾಕಲಾಯಿತು, ಎಷ್ಟು ವರ್ಷದೊಳಗೆ ಮುಗಿದವು, ಎಷ್ಟು ದೆಹಲಿಗೆ ಹೋದವು? ಹೆಸರು ಹೇಳುವುದು ಬೇಡ, ನಾಲ್ಕು ಅಂಕಿ ಸಾಕು. ಪರಿಷತ್ತಿನ ಚುನಾವಣೆಗೆ ನಿಂತವರು ಮುಂದಿನ ಸಲ ಕೋರ್ಟು ಕ್ಯಾಂಟೀನಿಗೆ ಮತ ಕೇಳಲು ಬಂದಾಗ ಕಿರಿಯ ವಕೀಲರು ಕೇಳಬೇಕಾದದ್ದು ಆ ನಾಲ್ಕು ಅಂಕಿಗಳನ್ನು.