ಮೇಲ್ಪಂಕ್ತಿ

ಅಪೊಸ್ತಲನಾದ ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯದ 21ನೆಯ ವಚನದಲ್ಲಿ, ಕ್ರಿಸ್ತನು ನಮಗೆ ಬಿಟ್ಟುಹೋದ ಮಾದರಿಯನ್ನು ಕುರಿತು ಹೇಳುವಾಗ ‘ಹುಪೊಗ್ರಮ್ಮೊಸ್’ ಎಂಬ ಗ್ರೀಕ್ ಪದವನ್ನು ಪ್ರಯೋಗಿಸಿರುವನು. ಹೊಸ ಒಡಂಬಡಿಕೆಯಲ್ಲಿ ಈ ಪದವು ಬರುವುದು ಇದೊಂದೇ ಕಡೆ. ಇದು ಪಾಠಶಾಲೆಯ ಮಾತು; ಮಕ್ಕಳು ನೋಡಿ ತಿದ್ದುವುದಕ್ಕಾಗಿ ಗುರುವು ಬರೆದುಕೊಡುವ ಅಕ್ಷರಗಳೆಂದು ಇದರ ಅರ್ಥ. ನಮ್ಮ ಕನ್ನಡದ ‘ಮೇಲ್ಪಂಕ್ತಿ’ಯು ಇದಕ್ಕೆ ಸರಿಯಾಗಿ ಒಪ್ಪುವುದು.

ಪ್ರಿಯ ಸಹೋದರಿಯರೇ, ನಾವು ಕಾಪಿ ಪುಸ್ತಕ ಬರೆದ ದಿನಗಳನ್ನು ನೆನೆಯಿರಿ. ಮೊದಲನೆಯ ಸಾಲು ಮೇಲ್ಪಂಕ್ತಿಯನ್ನು ಹೋಲುತ್ತಿತ್ತು. ಕೆಳಗಿಳಿದಂತೆಲ್ಲ ಅಕ್ಷರವು ಕೆಡುತ್ತಿತ್ತು. ಏಕೆಂದರೆ ನಾವು ಮೇಲಿನದನ್ನು ಮರೆತು, ನಾವೇ ಬರೆದ ಹಿಂದಿನ ಸಾಲನ್ನು ನೋಡಿ ಬರೆಯುತ್ತಿದ್ದೆವು. ಶಿಷ್ಯತ್ವದಲ್ಲಿಯೂ ಇದೇ ತಪ್ಪು ನಡೆಯುವುದು. ನೆರೆಯವರ ಭಕ್ತಿಯನ್ನೋ ನಮ್ಮ ನಿನ್ನೆಯ ನಡತೆಯನ್ನೋ ಅಳತೆಯಾಗಿಟ್ಟುಕೊಂಡು ತೃಪ್ತರಾಗುತ್ತೇವೆ.

ಪೇತ್ರನು ತೋರಿಸುವ ಪಂಕ್ತಿಯು ಸುಲಭವಾದುದಲ್ಲ. ಬೈಯುವವರಿಗೆ ಪ್ರತಿಯಾಗಿ ಬೈಯದೆ, ನ್ಯಾಯವನ್ನು ದೇವರಿಗೆ ಒಪ್ಪಿಸಿದ ಕರ್ತನ ತಾಳ್ಮೆಯೇ ಆ ಪಂಕ್ತಿ. ಇದನ್ನು ಸೊಸೆಗೂ ಆಳಿಗೂ ಬೋಧಿಸಿ ಅವರ ಬಾಯಿ ಮುಚ್ಚಿಸುವುದು ಸುಲಭ. ಆದರೆ ಮೇಲ್ಪಂಕ್ತಿಯಿರುವುದು ತಾನೇ ತಿದ್ದುವುದಕ್ಕಾಗಿ.

ತಂದೆತಾಯಿಗಳೇ, ನಮ್ಮ ಮಕ್ಕಳು ನಮ್ಮ ಸಾಲನ್ನು ನೋಡಿಯೇ ಬರೆಯುತ್ತಾರೆ. ಅದು ಡೊಂಕಾಗಿರುವಲ್ಲಿ ಮುಚ್ಚಿಡದೆ ಒಪ್ಪಿಕೊಂಡು, ಅವರ ಕಣ್ಣನ್ನು ಮೇಲಕ್ಕೆ ತಿರುಗಿಸೋಣ. ಕನ್ನಡದಲ್ಲಿ ತಿದ್ದುವುದೆಂದರೆ ಅಕ್ಷರವನ್ನು ಕಲಿಯುವುದೂ ಹೌದು, ತಪ್ಪನ್ನು ಸರಿಪಡಿಸಿಕೊಳ್ಳುವುದೂ ಹೌದು. ಶಿಷ್ಯರಿಗೆ ಈ ಎರಡೂ ಕೊನೆಯ ವರೆಗೆ ತಪ್ಪದ ಕೆಲಸಗಳು.